ಲಾಭವೇನೋ ಬಂತು, ನಿಮ್ಮ ಕೂಲಿ ಎಲ್ಲಿ?

(ಬ್ಯಾಂಕಿನಲ್ಲಿ ಸಾಲ ವಿಭಾಗ ನೋಡಿಕೊಂಡು ನಿವೃತ್ತರಾಗಿ, ಈಗ ಸಣ್ಣ ಉದ್ಯಮ ನಡೆಸುವ ಮಹಿಳೆಯರಿಗೆ ಸಲಹೆ ನೀಡುತ್ತಿರುವ ಅಂಕಣಕಾರ್ತಿ ಈ ಬಾರಿ ಐದು ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕಾವ್ರೆ, ಮೂರು ವರ್ಷದಿಂದ ಮನೆಯಲ್ಲೇ ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಿದ್ದೇನೆ. ವಾರಕ್ಕೆ 20 ಕೆ.ಜಿ. ಹೋಗುತ್ತದೆ, ಕೆ.ಜಿ.ಗೆ 260 ರೂಪಾಯಿ. ಶೇಂಗಾ, ಬಳ್ಳೊಳ್ಳಿ, ಖಾರದಪುಡಿ, ಗ್ಯಾಸು ಎಲ್ಲ ಸೇರಿ 170, ಕವರಿಗೆ 25. ಉಳಿದ 65 ಲಾಭ. ಮನೆಮನೆಗೆ ಕೊಟ್ಟುಬರಲು ವಾರಕ್ಕೆ 300 ರೂಪಾಯಿ ಆಟೊ ಖರ್ಚಿದೆ, ಅದನ್ನು ನಮ್ಮ ಮನೆಯವರು ಕೊಡುತ್ತಾರೆ. ವಾರದಲ್ಲಿ ಎರಡು ದಿನ ನಾನೂ ಅತ್ತೆಯೂ ಬೆಳಿಗ್ಗೆ ಹತ್ತಕ್ಕೆ ಕೂತರೆ ಸಂಜೆ ಐದಕ್ಕೆ ಏಳುತ್ತೇವೆ, ನಡುವೆ ಊಟಕ್ಕೆ ಅರ್ಧ ತಾಸು. ಈಗ ಅಂಗಡಿಗಳಿಗೂ ಕೊಟ್ಟು ದೊಡ್ಡದು ಮಾಡುವ ಆಸೆ. ಅಂಗಡಿಯವರು ನೂರಕ್ಕೆ 20 ಕಮಿಷನ್ ಕೇಳುತ್ತಾರೆ. ಅವರಿಗೆ ಪುಟಾಣಿ ಹಿಟ್ಟು ಬೆರೆಸಿದ ಅಗ್ಗದ ಮಾಲು ಕೊಡಲೇ? ದರ ಏರಿಸಿದರೆ ಓಣಿಯವರು ‘ಮನ್ಯಾಗ ಮಾಡೂದಕ್ಕ ಇಷ್ಟ್ಯಾಕ?’ ಅಂತಾರೆ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಇಷ್ಟು ಚೊಕ್ಕವಾಗಿ ಲೆಕ್ಕ ಬರೆದು ಕಳಿಸುವವರು ಕಡಿಮೆ. ಹಾಗಾಗಿ ನಿಮ್ಮ ಲೆಕ್ಕದ ಮೇಲೆಯೇ ಮಾತಾಡೋಣ.

ಕೆ.ಜಿ.ಗೆ 65ರಂತೆ ವಾರಕ್ಕೆ 1,300 ಲಾಭ ಎಂದಾಯಿತು. ಆಟೊದ 300 ಕಳೆಯಿರಿ. ಗಂಡ ಕೊಟ್ಟರೂ ಅದು ವ್ಯಾಪಾರದ ಖರ್ಚೇ. ಉಳಿಯಿತು 1,000. ಇಬ್ಬರು, ಎರಡು ದಿನ, ದಿನಕ್ಕೆ ಆರೂವರೆ ತಾಸು: ಒಟ್ಟು 26 ತಾಸು. ಅಂದರೆ ಸಣ್ಣ ಉರಿಯಲ್ಲಿ ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಮರದಲ್ಲಿ ಕೇರಿ, ಉಗುರಿನ ಸಂದಿ ಉರಿಯುವವರೆಗೂ ಬಳ್ಳೊಳ್ಳಿ ಸುಲಿದು, ಕುಟ್ಟಿ, ತೂಗಿ, ಕವರಿಗೆ ತುಂಬಿದ್ದಕ್ಕೆ ಒಬ್ಬರಿಗೆ ತಾಸಿಗೆ ಸಿಕ್ಕಿದ್ದು 38 ರೂಪಾಯಿ ಚಿಲ್ಲರೆ. ನೀವು ಲಾಭ ಎಂದುಕೊಂಡದ್ದು ನಿಮ್ಮಿಬ್ಬರ ಕೂಲಿ, ಅದೂ ಅರೆಕೂಲಿ.

ವ್ಯಾಪಾರ ಬೆಳೆಯದಿರುವ ಕಾರಣವೂ ಇಲ್ಲೇ ಇದೆ. ನಾಳೆ ಆರ್ಡರು 40 ಕೆ.ಜಿ. ಆದರೆ ಇನ್ನೊಬ್ಬಳನ್ನು ಕೆಲಸಕ್ಕೆ ಇಡಬೇಕು. ತಾಸಿಗೆ 70 ರೂಪಾಯಿಯಾದರೂ ಕೊಡಬೇಡವೆ? ಈಗಿನ ದರದಲ್ಲಿ ಅವಳು ಬಂದ ದಿನದಿಂದಲೇ ನೀವು ನಷ್ಟಕ್ಕೆ ಬೀಳುತ್ತೀರಿ. ಮನೆಯವರ ಪುಕ್ಕಟೆ ದುಡಿಮೆಯ ಮೇಲೆ ನಿಂತ ವ್ಯಾಪಾರ ಆ ಮನೆಯ ಕೈಗಳಿಗಿಂತ ದೊಡ್ಡದಾಗಲಾರದು.

ಆ 70ನ್ನೇ ನಿಮಗೂ ಅತ್ತೆಗೂ ಹಾಕಿ. 26 ತಾಸಿಗೆ 1,820, ಅಂದರೆ ಕೆ.ಜಿ.ಗೆ 91. ಸಾಮಾನು 170, ಕವರು 25, ಆಟೊ 15, ಕೂಲಿ 91: ಕೆ.ಜಿ.ಗೆ ನಿಮ್ಮ ನಿಜವಾದ ಅಸಲು 301. ಮನೆಬಾಗಿಲಿನ ಗಿರಾಕಿಗೆ 350 ಹೇಳಿ. ಅಂಗಡಿಗೆ 200 ಗ್ರಾಂ ಪೊಟ್ಟಣ ಮಾಡಿ 85 ರೂಪಾಯಿ ಅಚ್ಚು ಹಾಕಿಸಿ. ಕೆ.ಜಿ.ಗೆ 425 ಆಯಿತು, ಅಂಗಡಿಯವನ 20 ಪರ್ಸೆಂಟ್ ಹೋದರೆ ಕೈಗೆ 340. ಸಣ್ಣ ಕವರಿಗೆ ಕೆ.ಜಿ.ಗೆ 10 ರೂಪಾಯಿ ಹೆಚ್ಚು ಹಿಡಿದರೂ 29 ಉಳಿಯುತ್ತದೆ. ಲಾಭ ಎಂದರೆ ಆ 29.

ಓಣಿಯವರ ಮಾತಿಗೆ ಹೆದರಬೇಡಿ. ವಾರಕ್ಕೆ ನಾಲ್ಕು ಕೆ.ಜಿ. ಗಿರಾಕಿ ಬಿಟ್ಟೇಹೋದರು ಅಂದುಕೊಳ್ಳಿ. 350ರ ದರದಲ್ಲಿ 16 ಕೆ.ಜಿ. ಮಾರಿದರೂ ಸಾಮಾನು, ಕವರು, ಆಟೊ ಕಳೆದು 2,180 ಕೈಗೆ ಬರುತ್ತದೆ. ಈಗಿನ 1,000ದ ದುಪ್ಪಟ್ಟಿಗಿಂತ ಹೆಚ್ಚು, ಅದೂ ಕಡಿಮೆ ದುಡಿದು. ಅತ್ತೆಯ ಪಾಲನ್ನು ಅತ್ತೆಯ ಕೈಗೇ ಕೊಡಿ. ಕೊಟ್ಟ ವಾರದಿಂದ ಮನೆಯಲ್ಲಿ ನಿಮ್ಮ ವ್ಯಾಪಾರದ ಪರ ಮಾತಾಡುವವರು ಒಬ್ಬರು ಹೆಚ್ಚಾಗುತ್ತಾರೆ.

ಪುಟಾಣಿ ಹಿಟ್ಟಿನ ಯೋಚನೆ ಬಿಡಿ. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರುಮಾಡಿದ ಲಿಜ್ಜತ್ ಹಪ್ಪಳದ ಕತೆ ಎಲ್ಲರಿಗೂ ಗೊತ್ತು. ಅವರೂ ಮೊದಲು ಒಳ್ಳೆಯದೊಂದು, ಅಗ್ಗದ್ದೊಂದು ಎಂದು ಎರಡು ಬಗೆ ಮಾಡುತ್ತಿದ್ದದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಅವರ ಮಾರ್ಗದರ್ಶಕರಾಗಿದ್ದ ಛಗನ್‌ಲಾಲ್ ಪಾರೇಖ್ ಅದನ್ನು ನಿಲ್ಲಿಸಿದರು: ಒಂದೇ ಗುಣಮಟ್ಟದ ಹಪ್ಪಳ ಮಾಡಿ, ಲೆಕ್ಕ ಸರಿಯಾಗಿ ಇಡಿ ಎಂದರು. ನಿಮ್ಮ ಹೆಸರು ಓಣಿ ದಾಟಿ ಹೋಗುವುದು ಅಂಗಡಿಯ ಪೊಟ್ಟಣದ ಮೂಲಕ. ಅಲ್ಲಿಗೇ ಕಳಪೆ ಕಳಿಸಿದರೆ ಹೇಗೆ?

ಅಂಗಡಿಗೆ ಕೊಡುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಆಗಲೇಬೇಕು. ನಿಮ್ಮಂಥ ಸಣ್ಣವರಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಪೊಟ್ಟಣದ ಮೇಲೆ ಆ ಸಂಖ್ಯೆ, ಹಾಕಿದ ಪದಾರ್ಥಗಳು, ನಿಮ್ಮ ಹೆಸರು ವಿಳಾಸ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಎಂಆರ್‌ಪಿ ಇರಲಿ. ಶೇಂಗಾ ಎಣ್ಣೆ ಬಿಟ್ಟು ಕಮಟು ಹಿಡಿಯುವ ಮಾಲು. ಮೊದಲ ಸಲ ಹತ್ತಿರದ ಎರಡೇ ಅಂಗಡಿಗೆ ಕೊಟ್ಟು, ಎಷ್ಟು ವಾರ ಚೆನ್ನಾಗಿರುತ್ತದೆ ಎಂದು ನೀವೇ ಒಂದು ಪೊಟ್ಟಣ ಒಡೆದು ನೋಡಿ.

ದುಡ್ಡು ಯಾರ ಫೋನ್‌ಪೇಗೆ ಬೀಳುತ್ತದೆ ಎಂದು ನೀವು ಬರೆದಿಲ್ಲ. ಗಂಡನದ್ದೋ ಮಗನದ್ದೋ ಆಗಿದ್ದರೆ ಈ ವಾರವೇ ನಿಮ್ಮ ಹೆಸರಿನಲ್ಲಿ, ವ್ಯಾಪಾರಕ್ಕೆಂದೇ ಒಂದು ಖಾತೆ ತೆರೆಯಿರಿ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸು ಕಳಿಸಿದಾಗ, ಯಾವುದು ವ್ಯಾಪಾರದ ದುಡ್ಡು, ಯಾವುದು ತಮ್ಮ ಕೊಟ್ಟ ಕೈಸಾಲ ಎಂದು ಬಿಡಿಸಿ ಹೇಳಲಾಗದೆ ಒದ್ದಾಡಿದವರು ಬಹಳ. ಸರಕು ಮಾರುವವರಿಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 40 ಲಕ್ಷ, ನೀವು ಅದರ ಹತ್ತಿರವೂ ಇಲ್ಲ. ಆದರೆ ಮುಂದೆ ಗ್ರೈಂಡರ್ ಕೊಳ್ಳಲು ಮುದ್ರಾ ಯೋಜನೆಯ ‘ಶಿಶು’ ಸಾಲಕ್ಕೆ (50,000ದವರೆಗೆ, ಅಡಮಾನವಿಲ್ಲದೆ) ಹೋದಾಗ ನಾನು ಕೂತಿದ್ದಂಥ ಕುರ್ಚಿಯಲ್ಲಿ ಕೂತವರು ಮೊದಲು ತಿರುವಿ ನೋಡುವುದು ಆ ಖಾತೆಯ ಸ್ಟೇಟ್‌ಮೆಂಟನ್ನೇ.

ಪ್ರಶ್ನೆ: ಬಿ.ಕಾಂ. ಓದಿದ್ದೇನೆ, ಮದುವೆಯಾಗಿ ಮನೆಯಲ್ಲೇ ಇದ್ದೇನೆ. ಮೈದುನ ಪೈಪು, ಫಿಟಿಂಗ್ಸ್ ಅಂಗಡಿ ಇಡುತ್ತಿದ್ದಾನೆ. ಅವನ ಸಿಬಿಲ್ ಸರಿಯಿಲ್ಲ. ‘ಅತ್ತಿಗೆ, ನಿಮ್ಮ ಹೆಸರಲ್ಲೇ ಫರ್ಮ್ ಮಾಡೋಣ, ನೀವೇ ಓನರ್’ ಎನ್ನುತ್ತಾನೆ. ಹೆಂಗಸರಿಗೆ ಸಾಲವೂ ಬೇಗ ಸಿಗುತ್ತದಂತೆ. ಒಂದು ಚೆಕ್‌ಬುಕ್ ಪೂರ್ತಿ ಸಹಿ ಹಾಕಿಕೊಡಬೇಕಂತೆ. ಏನಾದರೂ ಮಾಡಬೇಕೆಂಬ ಹಂಬಲ ಇದೆ. ಒಪ್ಪಿಕೊಳ್ಳಲೇ?
– ಓದುಗಿ, ತುಮಕೂರು

ಉತ್ತರ: ಸಹಿ ಹಾಕಿದ್ದರೆ ಆ ಚೆಕ್‌ಬುಕ್ ಈಗಲೇ ವಾಪಸ್ ಪಡೆಯಿರಿ. ಹಾಕಿಲ್ಲವಾದರೆ ಪೆನ್ನು ಮುಚ್ಚಿಡಿ.

ಒಬ್ಬರೇ ಮಾಲೀಕರಾದ ಫರ್ಮಿಗೂ ಮಾಲೀಕರಿಗೂ ಕಾನೂನಿನಲ್ಲಿ ವ್ಯತ್ಯಾಸವಿಲ್ಲ. ಅಂಗಡಿಯ ಸಾಲ ನಿಮ್ಮ ಸಾಲ, ಅಂಗಡಿಯ ಜಿಎಸ್‌ಟಿ ಬಾಕಿ ನಿಮ್ಮ ಬಾಕಿ, ವಸೂಲಿಗೆ ನಿಮ್ಮ ಒಡವೆ, ತವರಿನಿಂದ ಬಂದ ಸೈಟು ಎಲ್ಲವೂ ಸಿಗುತ್ತವೆ. ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಕೆಳಗೆ ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡೂ. ‘ನಾನು ಖಾಲಿ ಚೆಕ್ಕಿಗೆ ಸಹಿ ಹಾಕಿದ್ದು, ಮೊತ್ತ ಬರೆದವರು ಬೇರೆ’ ಎಂದರೆ ನಡೆಯದು. ಮನಃಪೂರ್ವಕ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಸಹಿ ಹಾಕಿದವರೇ ಉತ್ತರ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಸ್ಪಷ್ಟಪಡಿಸಿದೆ.

ಕಿರಣ್ ಮಜುಂದಾರ್ ಶಾ 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ 10,000 ರೂಪಾಯಿ ಹಾಕಿ ಬಯೋಕಾನ್ ಶುರುಮಾಡಿದಾಗ ಬ್ಯಾಂಕುಗಳು ಹಿಂದೇಟು ಹಾಕಿದವು, ಅಪ್ಪ ಜಾಮೀನು ನಿಲ್ಲಲಿ ಎಂದವರೂ ಇದ್ದರು ಎಂದು ಅವರೇ ಹೇಳಿಕೊಂಡಿದ್ದಾರೆ. ಆಗ ಹೆಣ್ಣಿನ ಸಾಲಕ್ಕೆ ಗಂಡಸಿನ ಸಹಿ ಬೇಕಿತ್ತು. ಈಗ ಕೆಲವು ಮನೆಗಳಲ್ಲಿ ಗಂಡಸಿನ ಸಾಲಕ್ಕೆ ಹೆಣ್ಣಿನ ಸಹಿ ಬೇಕಾಗಿದೆ. ಎರಡು ಕಾಲದಲ್ಲೂ ಅವಳ ಕೆಲಸವನ್ನು ಯಾರೂ ಕೇಳಿದ್ದಿಲ್ಲ.

ಮೈದುನ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ನೀವು ಬಿ.ಕಾಂ. ಓದಿದವರು, ನಿಜವಾಗಿಯೇ ಓನರ್ ಆಗಿ. ಬ್ಯಾಂಕಿನ ಮೆಸೇಜು, ಒಟಿಪಿ ನಿಮ್ಮ ಫೋನಿಗೆ ಬರಲಿ. ಚೆಕ್‌ಬುಕ್ ನಿಮ್ಮ ಬೀರುವಿನಲ್ಲಿರಲಿ, ಬಿಲ್ಲು ನೋಡಿ ಒಂದೊಂದಕ್ಕೇ ಸಹಿ ಹಾಕಿ. ಜಿಎಸ್‌ಟಿ ಪಾಸ್‌ವರ್ಡ್ ನಿಮ್ಮ ಬಳಿ ಇರಲಿ. ತಿಂಗಳಿಗೊಮ್ಮೆ ಸ್ಟಾಕು, ಉದ್ರಿ ಪಟ್ಟಿ ನಿಮ್ಮ ಮುಂದೆ ಬರಲಿ. ಮೈದುನನಿಗೆ ಸಂಬಳ ಗೊತ್ತುಮಾಡಿ. ಇದಕ್ಕೆ ಒಪ್ಪಿದರೆ ಅಂಗಡಿ ಇಡಿ, ಪೈಪಿನ ವ್ಯಾಪಾರ ಒಳ್ಳೆಯದೇ. ಮುಖ ಸಪ್ಪಗೆ ಮಾಡಿಕೊಂಡು ‘ಹಾಗಾದರೆ ಜಾಮೀನಾದರೂ ಹಾಕಿ’ ಎಂದಾನು. 1872ರ ಕರಾರು ಕಾಯ್ದೆಯ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಅದಕ್ಕೂ ಪೆನ್ನು ಮುಚ್ಚಿಡುವುದೇ ಉತ್ತರ.

ಪ್ರಶ್ನೆ: ಮಹಿಳೆಯರಿಗಾಗಿಯೇ ಇರುವ ಒಂದು ಆನ್‌ಲೈನ್ ಲೀಡರ್‌ಶಿಪ್ ಕೋರ್ಸಿಗೆ 35,000 ರೂಪಾಯಿ. ‘ಮೈಂಡ್‌ಸೆಟ್ ಬದಲಾದರೆ ಬಿಸಿನೆಸ್ ತಾನಾಗಿ ಬೆಳೆಯುತ್ತದೆ’ ಎನ್ನುತ್ತಾರೆ. ಇವತ್ತು ರಾತ್ರಿ 12ರೊಳಗೆ ಸೇರಿದರೆ ಅರ್ಧ ಬೆಲೆ. ಸೇರಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನನ್ನ ಉತ್ತರ ಅಚ್ಚಾಗಿ ನಿಮಗೆ ತಲುಪುವ ಹೊತ್ತಿಗೂ ಆ ಆಫರು ಇದ್ದೇ ಇರುತ್ತದೆ, ನೋಡಿ.

ಯಾವ ವ್ಯಾಪಾರ ಮಾಡಬೇಕೆಂದಿದ್ದೀರಿ ಎಂಬುದನ್ನು ನೀವು ಬರೆದೇ ಇಲ್ಲ. ಅದು ಗೊತ್ತಾಗುವ ಮೊದಲು ಯಾವ ಕೋರ್ಸಿಗೂ ದುಡ್ಡು ಕಟ್ಟಬೇಡಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಈಗ ಜಿಲ್ಲೆಜಿಲ್ಲೆಯಲ್ಲೂ ಇವೆ. ಊಟ, ವಸತಿ ಸಹಿತ ಉಚಿತ ತರಬೇತಿ. ಹೊಲಿಗೆ, ಬ್ಯೂಟಿ ಪಾರ್ಲರ್, ಹೈನುಗಾರಿಕೆ ಹೀಗೆ ಕೈಕೆಲಸದ ಜತೆಗೆ ಲೆಕ್ಕ ಬರೆಯುವುದನ್ನೂ ಬ್ಯಾಂಕಿಗೆ ಅರ್ಜಿ ಹಾಕುವುದನ್ನೂ ಹೇಳಿಕೊಡುತ್ತಾರೆ. ಗುರುತಿನ ಚೀಟಿ ಹಿಡಿದು ಒಮ್ಮೆ ಹೋಗಿ ವಯೋಮಿತಿ, ಬ್ಯಾಚು ವಿಚಾರಿಸಿ. ಅಲ್ಲಿ ಯಾರೂ ನಿಮ್ಮ ಮೈಂಡ್‌ಸೆಟ್ ಬದಲಿಸುವುದಿಲ್ಲ. ನನ್ನ ಅನುಭವದಲ್ಲಿ, ಮೊದಲ ಗಿರಾಕಿ ಚೌಕಾಸಿ ಮಾಡಿ ಹೋದ ಮೇಲೆ ಅದು ತಾನಾಗಿ ಬದಲಾಗುತ್ತದೆ.

ಪ್ರಶ್ನೆ: ಮೈಸೂರಿನ ಕಂಪನಿಯೊಂದರಲ್ಲಿ ಹತ್ತು ವರ್ಷದಿಂದ ಇದ್ದೇನೆ. ಬಡ್ತಿ ಬಂದಿದೆ, ಆದರೆ ಎರಡು ವರ್ಷ ಹೈದರಾಬಾದಿಗೆ ಹೋಗಬೇಕು. ಮಗಳು ಎರಡನೇ ಕ್ಲಾಸು. ‘ಇರೋದು ಸಾಕಲ್ವಾ’ ಎನ್ನುತ್ತಾರೆ ಅತ್ತೆ. ಹೋಗಬೇಕೆಂದುಕೊಳ್ಳುವುದು ಸ್ವಾರ್ಥವೇ?
– ಓದುಗಿ, ಮೈಸೂರು

ಉತ್ತರ: ಸ್ವಾರ್ಥದ ವಿಚಾರಣೆ ಆಮೇಲೆ. ಸಂಬಳ ಎಷ್ಟು ಹೆಚ್ಚುತ್ತದೆ, ಬಾಡಿಗೆ ಯಾರದು, ಎರಡು ವರ್ಷದ ನಂತರ ಮೈಸೂರಿಗೆ ಮರಳುವುದು ಕಾಗದದ ಮೇಲೆ ಇದೆಯೇ, ಮಗಳ ಶಾಲಾ ವರ್ಷ ಮುಗಿಯುವವರೆಗೆ ತಡೆಯುತ್ತಾರೆಯೇ – ಇವೊಂದೂ ನಿಮ್ಮ ಪತ್ರದಲ್ಲಿಲ್ಲ. ಕೇಳಿಯೇ ಇಲ್ಲವೆಂದು ನನ್ನ ಊಹೆ. ಮನಸ್ಸಿನಲ್ಲೇ ಬೇಡವೆಂದುಕೊಂಡು, ಆಮೇಲೆ ಅದಕ್ಕೆ ಕಾರಣ ಹುಡುಕುವ ಹೆಂಗಸರನ್ನು ನಾನು ಬ್ಯಾಂಕಿನಲ್ಲಿ ಸಾಕಷ್ಟು ನೋಡಿದ್ದೇನೆ. ಆಫೀಸರ್ ಪರೀಕ್ಷೆ ಬರೆದರೆ ವರ್ಗಾವಣೆ ಎಂದು ಹೆದರಿ, ಕ್ಲಾರ್ಕ್ ಆಗಿಯೇ ನಿವೃತ್ತರಾದ ಜಾಣೆಯರು ಅವರು. ಕೆಲವರು ನಿಜಕ್ಕೂ ಸುಖವಾಗಿದ್ದರು. ಕೆಲವರು ಕೊನೆಯವರೆಗೂ ಗಂಡನ ಮನೆಯನ್ನು ದೂರುತ್ತಲೇ ಇದ್ದರು.

ಷರತ್ತುಗಳನ್ನೆಲ್ಲ ಕೇಳಿ ಬರೆದುಕೊಂಡು, ಗಂಡನ ಜತೆ ಕೂತು ನೋಡಿ. ಆಮೇಲೂ ಬೇಡ ಅನಿಸಿದರೆ ಬೇಡ ಎನ್ನಿ, ಅದೂ ತೀರ್ಮಾನವೇ. ಆಫೀಸಿನಲ್ಲಿ ಮಾತ್ರ ಅತ್ತೆಯ ಹೆಸರು ಹೇಳಬೇಡಿ. ಮುಂದಿನ ಸಲ ನಿಮ್ಮನ್ನು ಕೇಳುವುದೇ ಇಲ್ಲ.

ಪ್ರಶ್ನೆ: ನಾನೂ ಗೆಳತಿಯೂ ಸೇರಿ ರವಿಕೆ ಹೊಲಿಯುವ, ಆರಿ ವರ್ಕ್ ಮಾಡುವ ಅಂಗಡಿ ನಡೆಸುತ್ತೇವೆ. ದುಡ್ಡು ಇಬ್ಬರೂ ಸಮ ಹಾಕಿದ್ದು. ಆರಿ ಕೆಲಸವೆಲ್ಲ ನನ್ನದೇ, ರಾತ್ರಿ ಕೂತು ಮಾಡುತ್ತೇನೆ. ಅವಳು ಗಿರಾಕಿ ನೋಡಿಕೊಂಡು ಏಳಕ್ಕೆ ಮನೆಗೆ ಹೋಗುತ್ತಾಳೆ. ಲಾಭ ಅರ್ಧರ್ಧ. ಅಕ್ಕತಂಗಿಯರ ಹಾಗಿದ್ದೇವೆ, ಹೇಗೆ ಕೇಳಲಿ?
– ಹೆಸರು ಬೇಡ, ಉಡುಪಿ

ಉತ್ತರ: ಬರವಣಿಗೆಯಲ್ಲಿ ಕರಾರು ಇಲ್ಲವೆಂದು ಕಾಣುತ್ತದೆ. ಹಾಗಿದ್ದರೆ 1932ರ ಪಾಲುದಾರಿಕೆ ಕಾಯ್ದೆ ನಿಮ್ಮ ಪರ ಇಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ಲಾಭ ಸಮಪಾಲು, ಹೆಚ್ಚು ದುಡಿದವರಿಗೆ ಪ್ರತ್ಯೇಕ ಸಂಬಳವಿಲ್ಲ ಎಂದೇ ಅದು ಹೇಳುತ್ತದೆ.

ಲಾಭದ ಪಾಲನ್ನು ಮುಟ್ಟಬೇಡಿ, ಅರ್ಧರ್ಧವೇ ಇರಲಿ. ಅದರ ಮೊದಲು ಕೂಲಿ ತೆಗೆಯಿರಿ: ಆರಿ ಕೆಲಸಕ್ಕೆ ರವಿಕೆಗೆ ಇಷ್ಟು ಎಂದು ನಿಮಗೆ, ಅಂಗಡಿ ನೋಡಿಕೊಂಡದ್ದಕ್ಕೆ ತಿಂಗಳಿಗೆ ಇಷ್ಟು ಎಂದು ಅವಳಿಗೆ. ಗಿರಾಕಿ ನಿಭಾಯಿಸುವುದೂ ಕೆಲಸವೇ. ಕೊಟ್ಟ ದಿನಕ್ಕೆ ರವಿಕೆ ಆಗದಿದ್ದಾಗ ಬೈಗುಳ ತಿನ್ನುವವಳು ಅವಳು. ಯಾರಾದರೂ ಬಿಟ್ಟುಹೋಗುವುದಾದರೆ ಮೆಷಿನ್ನು ಯಾರಿಗೆ, ಅಂಗಡಿಯ ಅಡ್ವಾನ್ಸ್ ಯಾರಿಗೆ, ಅಂಗಡಿ ಹೆಸರು ಯಾರಿಗೆ ಎಂಬುದನ್ನೂ ಸೇರಿಸಿ ಇ-ಸ್ಟ್ಯಾಂಪ್ ಕಾಗದದ ಮೇಲೆ ಬರೆಸಿ ಇಬ್ಬರೂ ಸಹಿ ಹಾಕಿ. ದಸರಾ, ದೀಪಾವಳಿಯ ಆರ್ಡರು ಶುರುವಾಗುವ ಮೊದಲೇ ಕೂತು ಮಾತಾಡಿ. ನಿದ್ದೆಗೆಟ್ಟ ಸೀಸನ್ನಿನಲ್ಲಿ ಇದೇ ಮಾತು ಎತ್ತಿದರೆ ಜಗಳ ಅಂತಲೇ ಕೇಳಿಸುತ್ತದೆ.