ಸಹಿ ಹಾಕುವ ಮುನ್ನ

ಮೊದಲನೇ ಮಾತು, ಆ ರಾಜೀನಾಮೆ ಪತ್ರಕ್ಕೆ ಸಹಿ ಹಾಕಬೇಡಪ್ಪ. "ನೀವೇ ಬಿಟ್ಟ ಹಾಗೆ ಬರೆದುಕೊಡಿ, ಅನುಭವ ಪತ್ರ ಚೆನ್ನಾಗಿ ಕೊಡ್ತೀವಿ" ಅಂತ ಎಚ್‌ಆರ್‌ನವರು ಕಾಗದ, ಪೆನ್ನು ಎರಡನ್ನೂ ಮುಂದೆ ತಳ್ಳುತ್ತಾರೆ. ಒಮ್ಮೆ ಸಹಿ ಬಿತ್ತೋ, ಕೆಲಸದಿಂದ ತೆಗೆದರು ಅಂತ ನೀನು ಎಲ್ಲಿ ಹೇಳಿಕೊಂಡರೂ ಅದೇ ಕಾಗದ ಅಡ್ಡ ಬರುತ್ತದೆ. "ಮನೇಲಿ ಕೇಳಿ ಹೇಳ್ತೀನಿ ಸಾರ್" ಅಂದು ಎದ್ದು ಬಾ.

ಕೇಸು ಹಾಕಲೋ, ಬಿಟ್ಟುಬಿಡಲೋ ಅಂತ ಕೇಳಿದೆಯಲ್ಲ, ಅವರು ಯಾವ ಕಾರಣ ಕೊಟ್ಟು ತೆಗೆದರು ಅನ್ನೋದರ ಮೇಲಿದೆ ಅದು. ಆರ್ಡರ್ ಇಲ್ಲ, ಜನ ಹೆಚ್ಚಾದರು ಅಂತ ತೆಗೆದಿದ್ದರೆ ನಿನ್ನ ಹೆಸರು ಕೆಟ್ಟಿಲ್ಲ. ಒಂದು ತಿಂಗಳ ನೋಟಿಸ್ ಸಂಬಳ, ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ, ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ, ಇಷ್ಟನ್ನೂ ಬಿಡದೆ ಕೇಳಿ ಪಡೆದು ಬೇರೆ ಕೆಲಸ ನೋಡು. ಅದಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆಯುವುದು ನನಗೆ ಸರಿ ಕಾಣುವುದಿಲ್ಲ.

ಕಳ್ಳತನ ಅಂತಲೋ ಅಶಿಸ್ತು ಅಂತಲೋ ಆರೋಪ ಹೊರಿಸಿ, ವಿಚಾರಣೆಯನ್ನೂ ಮಾಡದೆ ಹೊರಗೆ ಹಾಕಿದ್ದರೆ ಮಾತ್ರ ಸುಮ್ಮನಿರಬೇಡ. ಪೀಣ್ಯದಲ್ಲಿ ಅಂಥ ಮಾತು ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಿನಗಿಂತ ಮೊದಲೇ ಹೋಗಿರುತ್ತದೆ. ನಾಳೆಯೇ ಉತ್ತರ ಬರೆದು ಸ್ಪೀಡ್ ಪೋಸ್ಟ್ ಮಾಡು, ರಸೀದಿ ಜೋಪಾನ.

ಕೇಸು ಮುಗಿಯೋವರೆಗೆ ಮನೆಯಲ್ಲೇ ಕೂರಬೇಕು ಅಂತ ಯಾರೋ ಹೆದರಿಸಿದ್ದಾರೆ ನಿನಗೆ. ಹಾಗೇನಿಲ್ಲ. ಬೇರೆ ಕಡೆ ದುಡಿದರೆ ಬಾಕಿ ಸಂಬಳ ಲೆಕ್ಕ ಹಾಕುವಾಗ ಅದನ್ನು ಕಳೆಯಬಹುದು, ಆದರೆ ಅಷ್ಟಕ್ಕೇ ಕೇಸು ಬಿದ್ದುಹೋಗುವುದಿಲ್ಲ. ದುಡಿದದ್ದನ್ನು ಕೋರ್ಟಿನಲ್ಲಿ ಮುಚ್ಚಿಡಬೇಡ, ಸಾಕು. ಮಕ್ಕಳ ಫೀಸು, ಬಾಡಿಗೆ ನಿಲ್ಲುವುದಿಲ್ಲವಲ್ಲ, ಸಿಕ್ಕ ಕೆಲಸಕ್ಕೆ ಸೇರಿಕೋ.

ತಡ ಮಾತ್ರ ಮಾಡಬೇಡ. ಹಳೇ ಕಾಯ್ದೆಯಲ್ಲಿ ಮೂರು ವರ್ಷದ ಗಡುವಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ದೂರನ್ನು ಕೈಗೆತ್ತಿಕೊಳ್ಳುವ ಹಾಗಿಲ್ಲ. ಮ್ಯಾನೇಜರ್ ದರ್ಜೆಯವರಿಗೆ ಈ ದಾರಿಯೇ ಇಲ್ಲ, ನೀನು ಮೆಷಿನ್ ಮೇಲೆ ದುಡಿದವನು, ನಿನಗಿದೆ. ವಕೀಲರ ಫೀಸಿಗೆ ಅಂಜಬೇಡ. ಕಾರ್ಖಾನೆ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿಯೇ ಕೊಡುತ್ತದೆ, ಹೆಣ್ಣುಮಕ್ಕಳಿಗೂ ಅಷ್ಟೆ.

ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್, ತೆಗೆದ ಆದೇಶ, ಎಲ್ಲದರದೂ ಎರಡೆರಡು ಜೆರಾಕ್ಸ್ ಮಾಡಿಸಿಡು. ಸೋಮವಾರ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ.