ಆ ನಗುವನ್ನು ನಂಬಬೇಡ

ಪುಟ್ಟಾ, ಆಕ್ಸೊಲಾಟಲ್ ಎಂಬ ಉಭಯಚರವನ್ನು ಸಾಕಬೇಕು ಅನ್ನುವ ಆಸೆ ನಿನಗೆ ಬಂದದ್ದರಲ್ಲಿ ತಪ್ಪೇನಿಲ್ಲ. 2021ರಲ್ಲಿ ಮೈನ್‌ಕ್ರಾಫ್ಟ್ ಆಟದೊಳಗೆ ಬಂದ ಮೇಲೆ ಅದು ನಿನ್ನ ತಮ್ಮನ ವಯಸ್ಸಿನ ಮಕ್ಕಳ ಬಾಯಲ್ಲೆಲ್ಲ ಓಡಾಡುತ್ತಿದೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಅದು ಬಿಎಸ್ಸಿ ಪ್ರಾಣಿಶಾಸ್ತ್ರದ ಐದು ಅಂಕದ ಟಿಪ್ಪಣಿಯಾಗಿತ್ತು, ಅಷ್ಟೆ. ಈಗ ಫೋಟೊಗಳಲ್ಲಿ ನೋಡಿದರೆ ಗುಲಾಬಿ ಮೈ, ತಲೆಯ ಎರಡೂ ಕಡೆ ಗರಿಯಂಥ ಕಿವಿರು, ಬಾಯ್ತುಂಬ ನಗು. ನನ್ನ ಕಿವಿಮಾತು ಆ ನಗುವಿನ ಬಗ್ಗೆಯೇ. ಅದು ಸಂತೋಷದ ಗುರುತಲ್ಲ, ದವಡೆ ಇರುವ ರೀತಿಯೇ ಹಾಗೆ. ನೀರು ಕಾದು ಅದಕ್ಕೆ ಉಸಿರು ಕಟ್ಟುತ್ತಿದ್ದರೂ, ಅಮೋನಿಯ ಅದರ ಚರ್ಮವನ್ನು ಸುಡುತ್ತಿದ್ದರೂ ಬಾಯಿ ಹಾಗೆಯೇ ಇರುತ್ತದೆ. ನಾಯಿ ಕುಂಯ್‌ಗುಟ್ಟಿ ಹೇಳುತ್ತದೆ, ಬೆಕ್ಕು ಮುನಿಸಿಕೊಂಡು ಮಂಚದ ಕೆಳಗೆ ಸೇರುತ್ತದೆ. ಇದು ಸುಮ್ಮನೆ ಸಹಿಸುತ್ತದೆ. ಹಾಗಾಗಿ ಇದನ್ನು ಸಾಕುವವಳು ಮುಖ ನೋಡಿ ಸಮಾಧಾನಪಡಬಾರದು. ಥರ್ಮಾಮೀಟರ್ ನೋಡಬೇಕು, ಟೆಸ್ಟ್ ಕಿಟ್ ನೋಡಬೇಕು, ಕಿವಿರು ನೋಡಬೇಕು. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಅದರ ಊರು ತಿಳಿದುಕೋ. ಮೆಕ್ಸಿಕೊ ನಗರದ ದಕ್ಷಿಣ ಭಾಗದಲ್ಲಿ ಸೊಚಿಮಿಲ್ಕೊ ಅಂತ ಒಂದು ಪ್ರದೇಶ. ಹಳೆಯ ಸರೋವರ ಬತ್ತಿ ಉಳಿದ ಕಾಲುವೆಗಳು, ಅವುಗಳ ನಡುವೆ ಚಿನಾಂಪ ಎಂಬ ಬೇಸಾಯದ ದಿಬ್ಬಗಳು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್, ಅಂದರೆ ಹೆಚ್ಚುಕಡಿಮೆ ಊಟಿಯಷ್ಟೇ ಎತ್ತರ. ಸಾಕಣೆಯ ಹೊರಗೆ ತಾನಾಗಿ ಬದುಕುವ ಆಕ್ಸೊಲಾಟಲ್‌ಗೆ ಈಗ ಉಳಿದಿರುವ ನೆಲೆ ಅದೊಂದೇ. ಅಲ್ಲಿ ಅದರ ಮೈಬಣ್ಣ ಕೆಸರಿನಂಥ ಕಪ್ಪು ಕಂದು. ನೀನು ಫೋಟೊದಲ್ಲಿ ಕಂಡ ಬಿಳಿ-ಗುಲಾಬಿ ತಳಿ ಸಾಕಣೆಯಲ್ಲಿ ಉಳಿಸಿ ಬೆಳೆಸಿದ್ದು. 1864ರಲ್ಲಿ ಮೆಕ್ಸಿಕೊದಿಂದ 34 ಆಕ್ಸೊಲಾಟಲ್‌ಗಳು ಪ್ಯಾರಿಸ್ ತಲುಪಿದವು. ಅವುಗಳಲ್ಲಿ ಆರು, ಐದು ಗಂಡು ಒಂದು ಹೆಣ್ಣು, ಆಗುಸ್ತ್ ದ್ಯುಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞನ ಕೈ ಸೇರಿದವು. ಮರುವರ್ಷವೇ ಮರಿಗಳಾದವು. ಸಾಕಣೆಯ ಆಕ್ಸೊಲಾಟಲ್‌ಗಳ ವಂಶ ಹಿಡಿದು ಹಿಂದಕ್ಕೆ ಹೋದರೆ ಬಹಳಷ್ಟು ಬೇರುಗಳು ಆ ತೊಟ್ಟಿಗೇ ಮುಟ್ಟುತ್ತವೆ.

ದ್ಯುಮೆರಿಲ್‌ನ ಮರಿಗಳಲ್ಲಿ ಕೆಲವು ಇದ್ದಕ್ಕಿದ್ದಂತೆ ಕಿವಿರು ಕಳೆದುಕೊಂಡು ನೆಲದ ಸಲಮಾಂಡರ್‌ಗಳಾಗಿಬಿಟ್ಟವು. ಅಲ್ಲಿಯವರೆಗೆ ಪೂರ್ತಿ ಬೆಳೆದ ಪ್ರಾಣಿ ಅಂದುಕೊಂಡಿದ್ದು ನಿಜಕ್ಕೂ ಮರಿರೂಪ ಅಂತ ಆಗ ಗೊತ್ತಾಯಿತು. ಕಪ್ಪೆಯ ಗೊದಮೊಟ್ಟೆ ಥೈರಾಯ್ಡ್ ಹಾರ್ಮೋನಿನ ಬಲದಿಂದ ಕಪ್ಪೆಯಾಗುತ್ತದೆ. ಆಕ್ಸೊಲಾಟಲ್‌ನಲ್ಲಿ ಆ ಹಾರ್ಮೋನು ಸಾಕಷ್ಟು ಏರುವುದಿಲ್ಲ. ಹಾಗಾಗಿ ಅದು ಜೀವನಪೂರ್ತಿ ನೀರಿನಲ್ಲೇ, ಮರಿರೂಪದಲ್ಲೇ ಇದ್ದು ಮೊಟ್ಟೆಯಿಡುತ್ತದೆ. ಅಯೋಡಿನ್ ಅಥವಾ ಹಾರ್ಮೋನು ಹಾಕಿ ಅದನ್ನು ನೆಲದ ಪ್ರಾಣಿಯನ್ನಾಗಿಸುವ ವಿಡಿಯೊಗಳು ನಿನ್ನ ಕಣ್ಣಿಗೂ ಬೀಳುತ್ತವೆ. ಆ ಹುಚ್ಚಿಗೆ ಹೋಗಬೇಡ. ಎಷ್ಟೋ ಪ್ರಾಣಿಗಳು ಆ ಬದಲಾವಣೆಯ ನಡುವೆಯೇ ಸಾಯುತ್ತವೆ.

ಊಟಿಯ ಎತ್ತರದ ಪ್ರಾಣಿ ಅಂದೆನಲ್ಲ, ನಿನ್ನ ಮುಖ್ಯ ಕೆಲಸ ಅಲ್ಲಿಂದಲೇ ಶುರು. ಅದಕ್ಕೆ ಬೇಕಾದ ನೀರು 16ರಿಂದ 18 ಡಿಗ್ರಿ. 20 ದಾಟಿದರೆ ಎಚ್ಚರ, 24ರಲ್ಲಿ ಕೆಲವು ದಿನ ಇದ್ದರೆ ಅಪಾಯ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಪ್ರಾಣಿಗೆ ಬೇಕಾಗುವ ಆಮ್ಲಜನಕ ಹೆಚ್ಚಾಗುತ್ತದೆ, ಬೂಷ್ಟು ಹಿಡಿಯುವುದೂ ಸುಲಭವಾಗುತ್ತದೆ. ನೀನಿರುವುದು ಬೆಂಗಳೂರಿನ ಮೇಲ್ಮಹಡಿಯ ಬಾಡಿಗೆ ಮನೆ, ತಲೆಯ ಮೇಲೆ ತಾರಸಿ. 2016ರ ಏಪ್ರಿಲ್‌ನಲ್ಲಿ ಆ ಊರು 39.2 ಡಿಗ್ರಿ ಕಂಡಿದೆ. ಟ್ಯಾಂಕಿನ ಮೇಲೆ ಫ್ಯಾನ್ ಹಾಕಿದರೆ ಒಣ ಹವೆಯಲ್ಲಿ ಎರಡು ಮೂರು ಡಿಗ್ರಿ ಇಳಿದೀತು. ಮಂಗಳೂರಿನ ಒದ್ದೆ ಗಾಳಿಯಲ್ಲಿ ಅಷ್ಟೂ ಇಳಿಯುವುದಿಲ್ಲ. ಮಂಜುಗಡ್ಡೆ ಕಟ್ಟಿಸಿದ ಬಾಟಲಿಯನ್ನು ದಿನಾ ತೇಲಿಬಿಡುತ್ತೇನೆ ಅನ್ನಬೇಡ. ನೀನು ಆಫೀಸಿನಲ್ಲಿದ್ದಾಗ ಮಂಜು ಕರಗಿ ನೀರು ಮತ್ತೆ ಕಾಯುತ್ತದೆ, ಆ ಏರಿಳಿತವೇ ಇನ್ನೊಂದು ಕಾಟ. ನಮ್ಮ ಕಡೆ ಇದಕ್ಕೆ ದಾರಿ ಚಿಲ್ಲರ್ ಒಂದೇ. ಟ್ಯಾಂಕಿಗಿಂತ ಅದಕ್ಕೇ ಹೆಚ್ಚು ದುಡ್ಡು ಬೇಕು, ಕರೆಂಟಿನ ಬಿಲ್ಲು ಬೇರೆ. ಅದು ತೆಗೆದ ಶಾಖವನ್ನು ಕೋಣೆಗೇ ಬಿಡುವುದರಿಂದ ಕಿಟಕಿಯ ಹತ್ತಿರ ಇಡಬೇಕು. ಬಾಟಲಿಯ ಉಪಾಯ ಕರೆಂಟು ಹೋದ ದಿನಕ್ಕಿರಲಿ.

ತಂಪಾದ ಮೇಲೆ ನೀರಿನ ಶುದ್ಧಿ. ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಶುದ್ಧವೆಂದು ತಿಳಿಯಬೇಡ. ಪ್ರಾಣಿಯ ಹೇಲು, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ವಿಷ. ಮೂರನೆಯದನ್ನು ವಾರ ವಾರ ಸ್ವಲ್ಪ ನೀರು ಬದಲಿಸಿ ಹದ್ದಿನಲ್ಲಿಡಬಹುದು. ಈ ಬ್ಯಾಕ್ಟೀರಿಯ ಬೆಳೆದು ನಿಲ್ಲಲು ನಾಲ್ಕರಿಂದ ಎಂಟು ವಾರ ಬೇಕು. ಆ ಅವಧಿಯಲ್ಲಿ ಟ್ಯಾಂಕಿನಲ್ಲಿ ಪ್ರಾಣಿ ಇರಬಾರದು. ಅಮೋನಿಯವನ್ನು ನೀನೇ ಅಳತೆಯಲ್ಲಿ ಹಾಕುತ್ತಾ, ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಳೆಯುತ್ತಾ ಹೋಗಬೇಕು. ಲೀಟರಿಗೆ 2 ಮಿಲಿಗ್ರಾಂ ಅಮೋನಿಯ ಹಾಕಿದರೆ ಒಂದು ದಿನದೊಳಗೆ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಆಯಿತೋ, ಟ್ಯಾಂಕು ತಯಾರು. ನೈಟ್ರೇಟ್ 20ರ ಕೆಳಗಿರಲಿ. ಗೆಳೆಯರ ಮನೆಯಲ್ಲಿ ರೋಗವಿಲ್ಲದ ಹಳೆಯ ಟ್ಯಾಂಕಿದ್ದರೆ ಅದರ ಸ್ಪಂಜಿನ ತುಂಡೊಂದನ್ನು ಕೇಳಿ ತಾ. ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಆಗುತ್ತದೆ. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ತೊಳೆದೆಯೋ, ಕಟ್ಟಿದ್ದೆಲ್ಲ ಹೋಯಿತು. ಟ್ಯಾಂಕಿನಿಂದ ತೆಗೆದ ನೀರಲ್ಲೇ ಜಾಲಿಸು ಸಾಕು.

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಆಂಟಿ-ಕ್ಲೋರಿನ್ ಹಾಕದೆ ಸುರಿಯಬೇಡ. ಬೋರ್‌ವೆಲ್‌ನ ಗಡಸು ನೀರಿಗೆ ಹೆದರಬೇಕಾಗಿಲ್ಲ, ಸ್ವಲ್ಪ ಗಡಸೇ ಅದಕ್ಕೆ ಹಿತ. ಕುಡಿಯುವ ಆರ್‌ಒ ನೀರು ಶುದ್ಧ ಅಂತ ಅದನ್ನೇ ತುಂಬಿಸಬೇಡ, ಅದರಲ್ಲಿ ಪ್ರಾಣಿಗೆ ಬೇಕಾದ ಲವಣಗಳಿರುವುದಿಲ್ಲ.

ಟ್ಯಾಂಕಿನ ವಿಷಯ ಚಿಕ್ಕದು. ಅದು ತಳದಲ್ಲಿ ನಡೆದಾಡುವ ಪ್ರಾಣಿ, ಬೆಳೆದರೆ ಒಂದು ಅಡಿಯವರೆಗೂ ಬರುತ್ತದೆ. ಎತ್ತರದ ಟ್ಯಾಂಕಿಗಿಂತ ಉದ್ದದ್ದು ಬೇಕು. ಒಂದಕ್ಕೆ ನೂರು ಲೀಟರಿಗೆ ಕಡಿಮೆಯಿಲ್ಲದಂತೆ ನೋಡಿಕೋ. ಅಂಗಡಿಯವರು ಚೆಂದಕ್ಕೆ ಅಂತ ಬಣ್ಣದ ಕಲ್ಲು ಕೊಡುತ್ತಾರೆ, ಬೇಡ ಅನ್ನು. ಅದು ಬಾಯಿ ತೆರೆದು ನೀರಿನ ಸಮೇತ ಆಹಾರವನ್ನು ಹೀರುತ್ತದೆ, ಕಲ್ಲೂ ಒಳಗೆ ಹೋಗಿ ಕರುಳು ಕಟ್ಟಿಕೊಳ್ಳುತ್ತದೆ. ತಳ ಬರಿಗಾಜಾದರೂ ಆದೀತು, ನಯವಾದ ಮರಳಾದರೂ ಆದೀತು. ಕಣ್ಣಿಗೆ ರೆಪ್ಪೆಯಿಲ್ಲ, ಹಾಗಾಗಿ ಜೋರು ದೀಪ ಬೇಡ. ಅಡಗಿಕೊಳ್ಳಲು ಒಂದು ಮಣ್ಣಿನ ಕುಂಡವನ್ನು ಅಡ್ಡ ಮಲಗಿಸು.

ಇನ್ನು ಊಟ. ಎರೆಹುಳುವಿನಷ್ಟು ಒಳ್ಳೆಯ ಆಹಾರ ಇನ್ನೊಂದಿಲ್ಲ. ಆದರೆ ಎರೆಗೊಬ್ಬರದ ತೊಟ್ಟಿಯ ಹುಳುಗಳೆಲ್ಲ ಒಂದೇ ಅಲ್ಲ. ಮೈಮೇಲೆ ಪಟ್ಟೆಯಿರುವ ಸಣ್ಣ ಐಸೀನಿಯ ಕೆಟ್ಟ ವಾಸನೆಯ ರಸ ಬಿಡುತ್ತದೆ, ಎಷ್ಟೋ ಆಕ್ಸೊಲಾಟಲ್‌ಗಳು ಅದನ್ನು ಉಗಿದುಬಿಡುತ್ತವೆ. ದೊಡ್ಡ ಯೂಡ್ರಿಲಸ್ ಹುಳು ತಂದು, ತೊಳೆದು, ತುಂಡು ಮಾಡಿ ಕೊಡು. ಔಷಧಿ ಹೊಡೆದ ತೋಟದ ಹುಳು ಬೇಡವೇ ಬೇಡ. ಮರಿಗೆ ದಿನವೂ, ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಹುಳು ಕತ್ತರಿಸಲು ನಿನ್ನ ಮನಸ್ಸು ಒಪ್ಪದಿದ್ದರೆ ಮಾಂಸಾಹಾರಿ ಜಲಚರಗಳಿಗೆ ಮಾಡಿದ, ಮುಳುಗುವ ಪೆಲೆಟ್ ಇದೆ. ಫ್ರೀಜರಿನಲ್ಲಿ ಬ್ಲಡ್‌ವರ್ಮ್ ಇಡಲು ನಿಮ್ಮಮ್ಮ ಬಿಡುತ್ತಾಳೋ ಇಲ್ಲವೋ ಮೊದಲೇ ಕೇಳು. ನನ್ನ ತಂಗಿಯನ್ನು ನಾನು ಬಲ್ಲೆ. ಸಣ್ಣ ಮೀನು ಬಿಟ್ಟು ಬೇಟೆಯಾಡುವುದನ್ನು ನೋಡುವ ಚಪಲ ಬೇಡ, ಮೀನಿನ ಜೊತೆ ರೋಗವೂ ಬರುತ್ತದೆ. ಜೊತೆಗಿರಲಿ ಅಂತ ಗೋಲ್ಡ್‌ಫಿಶ್ ಬಿಟ್ಟರೆ ಅದು ಕಿವಿರು ಕಚ್ಚುತ್ತದೆ. ಎರಡು ಮರಿಗಳನ್ನು ಒಟ್ಟಿಗೆ ಬಿಟ್ಟರೆ ಒಂದರ ಕಾಲನ್ನು ಇನ್ನೊಂದು ತಿನ್ನುತ್ತದೆ. ಕಾಲು ಮತ್ತೆ ಬೆಳೆಯುತ್ತದೆ, ನಿಜ. ವಿಜ್ಞಾನಿಗಳು ಅದರ ಹಿಂದೆ ಬಿದ್ದಿರುವುದೂ ಅದಕ್ಕೇ, 2018ರಲ್ಲಿ ಅದರ ಇಡೀ ಜೀನೋಮ್ ಬಿಡಿಸಿದರು, ನಮ್ಮದಕ್ಕಿಂತ ಹತ್ತು ಪಟ್ಟು ದೊಡ್ಡದು. ಹಾಗಂತ ಗಾಯವಾದರೂ ಪರವಾಗಿಲ್ಲ ಅನ್ನುವ ಉದಾಸೀನ ಸಲ್ಲದು. ಅದಕ್ಕೆ ಒಂಟಿತನದ ಕೊರಗಿಲ್ಲ, ಒಂದೇ ಇರಲಿ. ಗಂಡು ಹೆಣ್ಣು ಜೊತೆಯಾದರೆ ಒಂದೇ ಸಲಕ್ಕೆ ನೂರಾರು ಮೊಟ್ಟೆ, ಅಷ್ಟಕ್ಕೂ ನೀನೇ ಹೊಣೆ.

ಈಗ ಅದರ ಭಾಷೆ ಕಲಿತುಕೋ. ಕಿವಿರು ಮುಂದಕ್ಕೆ ಬಾಗಿದ್ದರೆ ನೀರಿನ ಸೆಳೆತ ಜಾಸ್ತಿಯಾಗಿದೆ ಅಥವಾ ಮತ್ತೇನೋ ಬಾಧೆಯಿದೆ. ಸ್ಪಂಜ್ ಫಿಲ್ಟರ್ ಆದರೆ ಈ ತೊಂದರೆ ಕಡಿಮೆ. ಬಾಲದ ತುದಿ ಸುರುಳಿಯಾಗಿದ್ದರೂ, ಊಟ ಬಿಟ್ಟರೂ, ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡರೂ ಮೊದಲು ನೀರು ಅಳೆ, ತಾಪಮಾನ ನೋಡು. ಮೀನಿನ ಔಷಧಿ ಸುರಿಯಬೇಡ. ಉಭಯಚರದ ಚರ್ಮ ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ಕೈಯಲ್ಲಿ ಹಿಡಿದು ಮುದ್ದಿಸುವುದೂ ಬೇಡ. ಉಭಯಚರ ನೋಡುವ ಪಶುವೈದ್ಯರು ನಮ್ಮಲ್ಲಿ ಕಡಿಮೆ. ಪ್ರಾಣಿ ತರುವ ಮೊದಲೇ ಒಬ್ಬರನ್ನು ಹುಡುಕಿಟ್ಟುಕೋ.

ಕಾನೂನನ್ನೂ ಮರೆಯಬೇಡ. ಆಕ್ಸೊಲಾಟಲ್ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಮಾರುವವರ ಬಳಿ ಕಾಗದಪತ್ರ ಕೇಳು, ಇಲ್ಲ ಅಂದರೆ ವ್ಯಾಪಾರ ಬಿಡು. ಅದು ಹತ್ತು ಹದಿನೈದು ವರ್ಷ ಬಾಳುತ್ತದೆ. ಅಷ್ಟರಲ್ಲಿ ನಿನಗೆ ಮದುವೆಯಾಗಬಹುದು, ಕಂಪನಿಯವರು ಕ್ಯಾಲಿಫೋರ್ನಿಯಾಕ್ಕೆ ಕಳಿಸಬಹುದು. ಅಲ್ಲಿ ಆಕ್ಸೊಲಾಟಲ್ ಸಾಕುವುದಕ್ಕೇ ನಿಷೇಧವಿದೆ. ಆಗ ಯಾರ ಕೈಗೆ ಒಪ್ಪಿಸುತ್ತೀಯ ಅನ್ನುವುದನ್ನು ಈಗಲೇ ಮಾತಾಡಿಟ್ಟುಕೋ. ಕೆರೆಗೆ ಬಿಟ್ಟರಾಯಿತು ಅನ್ನುವ ಯೋಚನೆ ಮನಸ್ಸಿನ ಹತ್ತಿರವೂ ಸುಳಿಯಬಾರದು. ಸೊಚಿಮಿಲ್ಕೊದಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದ ಆಕ್ಸೊಲಾಟಲ್‌ಗಳು 2014ರ ಹೊತ್ತಿಗೆ 36ಕ್ಕೆ ಇಳಿದಿದ್ದವು. ನಗರದ ಕೊಳಚೆಯ ಜೊತೆಗೆ, ಜನರ ಊಟಕ್ಕಾಗಲಿ ಅಂತ ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯ ಮೀನುಗಳೂ ಅದಕ್ಕೆ ಕಾರಣ. ಹೊರಗಿನ ಜೀವಿಯನ್ನು ನೀರಿಗೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅದರ ಕಥೆಯೇ ಸಾಕ್ಷಿ.

ಇಷ್ಟು ಕೇಳಿಯೂ ಆಸೆ ಉಳಿದಿದ್ದರೆ ಹೀಗೆ ಮಾಡು. ಫೆಬ್ರುವರಿ ಕೊನೆಗೆ ಟ್ಯಾಂಕು, ಫಿಲ್ಟರ್, ಚಿಲ್ಲರ್ ಕೂಡಿಸು. ಪ್ರಾಣಿ ತರಬೇಡ. ಬ್ಯಾಕ್ಟೀರಿಯ ಬೆಳೆಸುತ್ತಾ ಮಾರ್ಚ್ ಕಳೆ. ಏಪ್ರಿಲ್, ಮೇ ಪೂರ್ತಿ ಮಧ್ಯಾಹ್ನದ ತಾಪಮಾನವನ್ನೂ ವಾರದ ಅಮೋನಿಯವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಖಾಲಿ ಟ್ಯಾಂಕಿಗೆ ಮೂರು ತಿಂಗಳು ಬೇಸರವಿಲ್ಲದೆ ದುಡಿಯಬಲ್ಲೆಯಾದರೆ, ಬೇಸಿಗೆ ಪೂರ್ತಿ ನೀರು 20 ದಾಟದಿದ್ದರೆ, ಜೂನ್‌ನಲ್ಲಿ ಮರಿ ತಾ. ನಡುವೆ ಬೇಸರ ಬಂದರೆ ಅಲ್ಲಿಗೇ ನಿಲ್ಲಿಸು. ಅದೇ ಟ್ಯಾಂಕಿನಲ್ಲಿ ನಮ್ಮ ಸೆಕೆ ತಡೆಯುವ ಗಪ್ಪಿ ಮೀನು ಸಾಕಬಹುದು, ಅದರಲ್ಲಿ ಸೋಲೇನಿಲ್ಲ. ಯಾವುದೇ ಆಗಲಿ, ಮೇ ಕೊನೆಗೆ ಆ ನೋಟ್‌ಬುಕ್ ತಂದು ತೋರಿಸು. ಕೂತು ಓದಿ ತೀರ್ಮಾನ ಮಾಡೋಣ.