ಓಡುವ ಆನೆಯ ಹಿಂದೆ

ತಮ್ಮಾ, ಧ್ಯಾನಕ್ಕೆ ಕೂತರೆ ಮನಸ್ಸು ನಿಲ್ಲುವುದೇ ಇಲ್ಲ, ಇದು ನನ್ನ ಕೈಲಾಗದು ಅಂದೆಯಲ್ಲ. ಮೊದಲ ದಿನವೇ ನಿಲ್ಲಬೇಕು ಅಂತ ಯಾರು ಹೇಳಿದರು?

ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋಗಿ ಬಾ. 1966ರಲ್ಲಿ ನಿರಾಶ್ರಿತರಿಗಾಗಿ ಶುರುವಾದ ನೆಲೆ ಅದು. ಲಾಸಾ ಸೀಮೆಯ ದ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿ ಮತ್ತೆ ತಲೆಯೆತ್ತಿವೆ. ಅಂಗಳದಲ್ಲಿ ಲಾಮಾಗಳು ಕಾಲು ಅಪ್ಪಳಿಸಿ, ಚಪ್ಪಾಳೆ ಹೊಡೆದು ವಾದಿಸುವುದನ್ನು ಕಂಡರೆ ಜಗಳವೇ ಅನಿಸೀತು. ಹಾಗೆ ತಿಕ್ಕಿ ನೋಡಿದ ವಿಚಾರವನ್ನೇ ಆಮೇಲೆ ಒಬ್ಬರೇ ಕೂತು ಧ್ಯಾನಿಸುತ್ತಾರೆ. ತಲೆ ಖಾಲಿಯಾಗಲಿ ಅಂತ ಅವರೂ ಕಾಯುವುದಿಲ್ಲ.

ಮನಸ್ಸು ನೆಲೆಗೊಳ್ಳುವ ಒಂಬತ್ತು ಹಂತಗಳ ಚಿತ್ರವೊಂದು ಆ ಪರಂಪರೆಯಲ್ಲಿದೆ. ದಾರಿಯ ಬುಡದಲ್ಲಿ ಕಪ್ಪು ಆನೆ ಓಡುತ್ತಿದೆ, ಅದನ್ನು ಎಳೆದೊಯ್ಯುವುದು ಒಂದು ಕೋತಿ. ಹಗ್ಗ, ಅಂಕುಶ ಹಿಡಿದ ಭಿಕ್ಷು ಹಿಂದೆ ಬಿದ್ದಿದ್ದಾನೆ. ಆನೆ ಮನಸ್ಸು, ಅದರ ಕಪ್ಪು ಮಂಪರು, ಕೋತಿ ಚಂಚಲತೆ. ಹಗ್ಗ ನೆನಪು, ಅಂಕುಶ ಎಚ್ಚರ. ಮೇಲೇರಿದಂತೆ ಆನೆ ತಲೆಯಿಂದ ಶುರುವಾಗಿ ಸ್ವಲ್ಪಸ್ವಲ್ಪವೇ ಬೆಳ್ಳಗಾಗುತ್ತದೆ. ಹಳಿಯಾಳದವರಿಗೆ ಆನೆ ಹೊಸದೇ? ಭತ್ತದ ಗದ್ದೆಗಿಳಿದರೆ ಪಟಾಕಿ ಹೊಡೆದು ಅಟ್ಟುತ್ತೇವೆ. ಈ ಆನೆಯನ್ನು ಮಾತ್ರ ಹಗ್ಗ ಹಾಕಿ ಮನೆಗೆ ಕರೆತರಬೇಕು.

ಬೆಳಿಗ್ಗೆ ಫೋನ್ ಮುಟ್ಟುವ ಮೊದಲು ಹತ್ತು ನಿಮಿಷ ಕೂಡು. ಚಕ್ಕಳಮಕ್ಕಳ ಆಗದಿದ್ದರೆ ಕುರ್ಚಿಯೂ ನಡೆಯುತ್ತದೆ, ಬೆನ್ನು ನೆಟ್ಟಗಿರಲಿ. ಉಸಿರು ಹೊರಬಿದ್ದಾಗಲೆಲ್ಲ ಒಂದೊಂದೇ ಎಣಿಸು, ಹತ್ತಾದ ಮೇಲೆ ಮತ್ತೆ ಒಂದು. ನಡುವೆ ಕ್ರಿಕೆಟ್ಟು, ಪರೀಕ್ಷೆ, ಯಾರದೋ ಮಾತು ನುಗ್ಗಿ ಎಣಿಕೆ ತಪ್ಪುತ್ತದೆ. ತಪ್ಪಿತೆಂದು ತಿಳಿಯಿತಲ್ಲ, ಆ ಎಚ್ಚರಕ್ಕೇ ಕೂತದ್ದು. ನಿನ್ನನ್ನೇ ಬೈದುಕೊಳ್ಳದೆ ಒಂದರಿಂದ ಹಿಡಿ. ತೂಕಡಿಕೆ ಬಂದರೆ ಕಣ್ಣು ಅರೆ ತೆರೆ.

ಉಸಿರು ಹಿಡಿಸದಿದ್ದರೆ ಬೇರೆ ಆಸರೆಯೂ ಉಂಟು. ನಿನ್ನಜ್ಜಿ ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟು ಕೂರುವುದನ್ನು ದಿನಾ ನೋಡುತ್ತೀ. ನಮ್ಮ ಜನ ಚಕ್ಕಡಿ ಹೂಡಿಕೊಂಡು ಜಾತ್ರೆಗೆ ಹೋಗುವ ಜೋಯಿಡಾದ ಉಳವಿ, ಶರಣ ಚನ್ನಬಸವಣ್ಣನ ಐಕ್ಯಸ್ಥಳ. ಆ ಶರಣರ ಸಾಧನೆ ಮನೆಯಲ್ಲೇ ಇರುವಾಗ, ದಾಂಡೇಲಿಯ ರೆಸಾರ್ಟಿಗೆ ದುಡ್ಡು ತೆತ್ತು ಧ್ಯಾನ ಕಲಿಯಬೇಕೆಂದು ನನಗಂತೂ ಅನಿಸದು.

ಇನ್ನೊಂದು. ಕೂತಾಗ ಎದೆ ಡವಗುಟ್ಟಿದರೆ, ಹಳೇ ಸಂಕಟ ಉಕ್ಕಿ ಬಂದರೆ ಹಟ ಮಾಡಬೇಡ, ಎದ್ದು ಹೊರಗೆ ಓಡಾಡು. ದಿನಗಟ್ಟಲೆ ಹಾಗೇ ಇದ್ದರೆ ಡಾಕ್ಟರಿಗೆ ತೋರಿಸು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಿಲ್ಲ. ನನಗೂ ಹೇಳು.